ಮಗಳ ರಿಯಾಕ್ಟರೂ ನಮ್ಮ ಕಾಕಂಬಿಯೂ

ಕಂಪ್ಯೂಟರ್ ಆಟವೆಂದರೆ ನಮ್ಮ ತಲೆಮಾರಿನವರಿಗೆ ಗೊತ್ತಿರುವುದು ಗುಂಡು ಹಾರಿಸುವುದು, ಕಾರು ಓಡಿಸುವುದು, ಹೆಚ್ಚೆಂದರೆ ಮೇಲಿನಿಂದ ಉದುರುವ ಇಟ್ಟಿಗೆಗಳನ್ನು ಸಾಲಾಗಿ ಜೋಡಿಸುವುದು. ಎರಡನೇ ಪಿಯುಸಿಯಲ್ಲಿರುವ ನನ್ನ ಮಗಳು ಆಡುವ ಆಟ ಈ ಯಾವ ಜಾತಿಗೂ ಸೇರಿದ್ದಲ್ಲ. ಅವಳು ಅಲ್ಲಿ ಗಂಧಕ ಸುಡುತ್ತಾಳೆ, ನೀರನ್ನು ಒಡೆದು ಆಮ್ಲಜನಕ ತೆಗೆಯುತ್ತಾಳೆ, ಆಮ್ಲ ತಯಾರಿಸುತ್ತಾಳೆ, ಕೊನೆಗೆ ಪರಮಾಣು ರಿಯಾಕ್ಟರಿಗೆ ಇಂಧನ ಉಣಿಸುತ್ತಾಳೆ. ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಇಳಿಸು ಎಂದರೆ ಮರೆತುಬಿಡುವ ಹುಡುಗಿ ಈಕೆಯೇ ಎಂದರೆ ಯಾರೂ ನಂಬಲಾರರು.

ಆಟದ ಹೆಸರು ಮೈನ್‌ಕ್ರಾಫ್ಟ್. ಸ್ವೀಡನ್ನಿನ ಮಾರ್ಕಸ್ ಪರ್ಸನ್ ಎಂಬಾತ 2009ರಲ್ಲಿ ಹೊರತಂದದ್ದು. ಮಕ್ಕಳು ಮರಳಿನಲ್ಲಿ ಮನೆ ಕಟ್ಟಿ ಕೆಡವುತ್ತಾರಲ್ಲ, ಅದೇ ಕೆಲಸ. ಮರಳಿನ ಬದಲು ಇಲ್ಲಿ ಚೌಕ ಚೌಕದ ಮಣ್ಣು, ಕಲ್ಲು, ಅದಿರು. ಗೆಲ್ಲಲೇಬೇಕೆಂಬ ಹಟ ಆಟಕ್ಕಿಲ್ಲ. ಇದರ ಇನ್ನೊಂದು ವಿಶೇಷವೆಂದರೆ, ಆಡುವವರೇ ಹೊಸ ಭಾಗಗಳನ್ನು ಬರೆದು ಆಟಕ್ಕೆ ಸೇರಿಸಬಹುದು. ಅದಕ್ಕೆ ಮಾಡ್ ಎನ್ನುತ್ತಾರೆ. ಮಗಳು ಹಾಕಿಕೊಂಡಿರುವ ಮಾಡ್‌ನ ಹೆಸರು ಮೆಕಾನಿಸಂ. ಅದರಲ್ಲಿ ಯಂತ್ರಗಳಿವೆ, ಕೊಳವೆಗಳಿವೆ, ಟರ್ಬೈನ್ ಇದೆ, ರಿಯಾಕ್ಟರೂ ಇದೆ.

ಮಧ್ಯವಾರ್ಷಿಕ ಪರೀಕ್ಷೆಯ ರಸಾಯನಶಾಸ್ತ್ರದ ಅಂಕಗಳು ಮನೆಗೆ ಬಂದ ಸಂಜೆ ಈ ಪ್ರಕರಣ ನನ್ನ ಮುಂದೆ ಬಂತು. "ನೀವು ಸಕ್ಕರೆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಮಿಸ್ಟ್ ಆಗಿರೋರು. ಇವಳು ಮಾಡ್ತಿರೋದು ಏನು ಅಂತ ಕೂತು ನೋಡಿ ಹೇಳಿ. ಓದಿಗೆ ಉಪಯೋಗ ಇದ್ರೆ ಇರ್ಲಿ. ಇಲ್ದಿದ್ರೆ ಪರೀಕ್ಷೆ ಮುಗಿಯೋವರೆಗೂ ಕಂಪ್ಯೂಟರ್ ಬೀರುವಿಗೆ," ಎಂದು ನನ್ನಾಕೆ ತೀರ್ಪಿನ ಭಾರವನ್ನು ನನಗೇ ಹೊರಿಸಿದಳು. ಮಗಳ ಚಿಂತೆಯೇ ಬೇರೆ. ಆ ಆಟದ ಲೋಕ ಅವಳೊಬ್ಬಳದಲ್ಲ. ಹಾಸನದ ಗೆಳತಿಯೊಬ್ಬಳ ಕಂಪ್ಯೂಟರಿನಲ್ಲಿ ನಡೆಯುವ ಲೋಕ. ನಾಲ್ಕು ಜನ ಹುಡುಗಿಯರು ಸೇರಿ ಕಟ್ಟಿದ ಊರು. ಇವಳು ಬೀರುವಿನ ಹೊರಗೆ ಕೂತಿದ್ದರೂ ಅಲ್ಲಿ ಉಳಿದವರು ಆಡುವಾಗ ರಿಯಾಕ್ಟರ್ ಓಡುತ್ತಲೇ ಇರುತ್ತದೆ. "ನಾನಿಲ್ಲದೇ ಇದ್ರೂ ನಡೆಯೋ ಹಾಗೆ ಮಾಡ್ಬೇಕು ಅಪ್ಪಾ. ಇಲ್ಲಾಂದ್ರೆ ಎಲ್ರ ಮನೆಗೂ ಕರೆಂಟ್ ಹೋಗುತ್ತೆ," ಎಂದಳು.

ಒಂದು ಶನಿವಾರ ರಾತ್ರಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ.

ರಿಯಾಕ್ಟರಿಗೆ ಬೇಕಾದದ್ದು ಅನಿಲ ರೂಪದ ಇಂಧನ. ಅದು ಅಗೆದರೆ ಸಿಗುವುದಿಲ್ಲ. ನೆಲದಲ್ಲಿ ಸಿಗುವುದು ಯುರೇನಿಯಂ ಅದಿರು ಮತ್ತು ಫ್ಲೋರೈಟ್ ಎಂಬ ಹರಳು. ಅದಿರನ್ನು ಶುದ್ಧಿ ಮಾಡಿ 'ಯೆಲ್ಲೋ ಕೇಕ್' ಎಂಬ ಹಳದಿ ಪುಡಿ ಮಾಡಬೇಕು. ಅದನ್ನು ಉತ್ಕರ್ಷಿಸಿದರೆ ಯುರೇನಿಯಂ ಆಕ್ಸೈಡ್. ಇನ್ನೊಂದು ಕಡೆ ಫ್ಲೋರೈಟನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿದರೆ ಹೈಡ್ರೋಫ್ಲೋರಿಕ್ ಆಮ್ಲ. ಈ ಎರಡೂ ಸೇರಿದರೆ ಯುರೇನಿಯಂ ಹೆಕ್ಸಾಫ್ಲೋರೈಡ್. ಅದನ್ನು ಗಿರಗಿರನೆ ತಿರುಗುವ ಸೆಂಟ್ರಿಫ್ಯೂಜಿಗೆ ಹಾಕಿದರೆ ಇಂಧನ ಸಿದ್ಧ. ಆದರೆ ಸಲ್ಫ್ಯೂರಿಕ್ ಆಮ್ಲ ಎಲ್ಲಿಂದ ಬರಬೇಕು? ಗಂಧಕದ ಪುಡಿಯಿಂದ ಸಲ್ಫರ್ ಡೈಆಕ್ಸೈಡ್, ಅದಕ್ಕೆ ಆಮ್ಲಜನಕ ಸೇರಿಸಿ ಟ್ರೈಆಕ್ಸೈಡ್, ಅದಕ್ಕೆ ನೀರಾವಿ. ಆಮ್ಲಜನಕ ಎಲ್ಲಿಂದ? ನೀರಿಗೆ ವಿದ್ಯುತ್ ಹಾಯಿಸಿ. ಒಟ್ಟಿನಲ್ಲಿ ಒಂದು ಯಂತ್ರದ ಊಟ ಇನ್ನೊಂದು ಯಂತ್ರದ ಅಡುಗೆ.

ಗಂಧಕದ ಮಾತು ಬಂದಾಗ ನನ್ನ ಮೂಗಿಗೆ ವಾಸನೆ ಬಡಿದಂತಾಯಿತು. ಬಿಳಿ ಸಕ್ಕರೆ ಬೇಕೆಂದರೆ ನಮ್ಮಲ್ಲೂ ಗಂಧಕ ಸುಟ್ಟು, ಆ ಹೊಗೆಯನ್ನು ಕಬ್ಬಿನ ರಸಕ್ಕೆ ಹಾಯಿಸುತ್ತೇವೆ. ಕೆಮ್ಮು ಬರಿಸದ ಸಲ್ಫರ್ ಡೈಆಕ್ಸೈಡನ್ನು ನಾನು ನೋಡಿದ್ದು ಅದೇ ಮೊದಲು.

ಎಲ್ಲ ಜೋಡಿಸಿ, ರಿಯಾಕ್ಟರ್ ಚಾಲೂ ಆಗಿ, ಹಬೆ ಎದ್ದು, ಟರ್ಬೈನ್ ತಿರುಗಿತು. ಸುಮಾರು ಮುಕ್ಕಾಲು ಗಂಟೆಯ ಮೇಲೆ ಇಂಧನ ಬರುವುದು ನಿಂತಿತು. ಮಗಳು ಮೊದಲು ಯುರೇನಿಯಂ ನೋಡಿದಳು, ಬೇಕಾದಷ್ಟಿತ್ತು. ಸೆಂಟ್ರಿಫ್ಯೂಜ್ ನೋಡಿದಳು, ಹಸಿದು ಕೂತಿತ್ತು. ಅಲ್ಲಿಂದ ಹಿಂದಕ್ಕೆ ಒಂದೊಂದೇ ಯಂತ್ರ ತೆರೆದು ನೋಡುತ್ತಾ ಹೋದರೆ ಎಲ್ಲವೂ ಖಾಲಿ, ಎಲ್ಲವೂ ಕಾಯುತ್ತಿವೆ. ಕೊನೆಗೆ ನೀರು ಒಡೆಯುವ ಯಂತ್ರಕ್ಕೆ ಬಂದೆವು. ನೀರಿತ್ತು, ವಿದ್ಯುತ್ತೂ ಇತ್ತು. ಆದರೂ ಆಮ್ಲಜನಕ ಬರುತ್ತಿರಲಿಲ್ಲ. ಕಾರಣ ಅದರ ಪಕ್ಕದ ತೊಟ್ಟಿಯಲ್ಲಿತ್ತು. ನೀರು ಒಡೆದರೆ ಒಂದು ಪಾಲು ಆಮ್ಲಜನಕದ ಜೊತೆ ಎರಡು ಪಾಲು ಜಲಜನಕ ಹುಟ್ಟುತ್ತದೆ. ಆ ಜಲಜನಕ ಯಾರಿಗೂ ಬೇಕಿರಲಿಲ್ಲ. ತೊಟ್ಟಿ ತುಂಬಿತು, ಯಂತ್ರ ನಿಂತಿತು, ಆಮ್ಲಜನಕ ನಿಂತಿತು, ಆಮ್ಲ, ಫ್ಲೋರೈಡ್, ಇಂಧನ ಎಲ್ಲವೂ ಒಂದರ ಹಿಂದೊಂದು ನಿಂತವು.

ನಾನು ಜೋರಾಗಿ ನಕ್ಕುಬಿಟ್ಟೆ. ಮಗಳಿಗೆ ಸಿಟ್ಟು ಬಂತು. ನಗು ಅವಳ ಮೇಲಲ್ಲ, ನಮ್ಮ ಕಾಕಂಬಿಯ ನೆನಪಿಗೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಅರೆಯುವ ಹಂಗಾಮಿನ ನಟ್ಟನಡುವೆ ನಮ್ಮ ಮಿಲ್ ನಿಂತಿತ್ತು. ಕಬ್ಬಿತ್ತು, ಹಬೆಯಿತ್ತು, ಜನರಿದ್ದರು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಒಯ್ಯಬೇಕಾದ ಲಾರಿಗಳು ಮಾತ್ರ ಬಂದಿರಲಿಲ್ಲ. ಟ್ಯಾಂಕು ಕಂಠಮಟ್ಟ ತುಂಬಿತ್ತು. ಗೇಟಿನಾಚೆ ಎತ್ತಿನ ಗಾಡಿಗಳು ರಸ್ತೆಯುದ್ದಕ್ಕೂ ನಿಂತಿದ್ದವು. ಕಡಿದ ಕಬ್ಬು ಬಿಸಿಲಿಗೆ ಒಣಗಿದಷ್ಟೂ ತೂಕ ಇಳಿಯುತ್ತದೆ, ತೂಕ ಇಳಿದಷ್ಟೂ ರೈತನ ದುಡ್ಡು ಇಳಿಯುತ್ತದೆ. ಸಕ್ಕರೆಗಾಗಿ ಕಟ್ಟಿದ ಕಾರ್ಖಾನೆಯನ್ನು ನಿಲ್ಲಿಸಿದ್ದು ಯಾರಿಗೂ ಬೇಡವಾದ ಕಪ್ಪು ಪಾಕ. ಮೂರು ದಿನ ಗಾಡಿಯ ಕೆಳಗೆ ಮಲಗಿದ್ದ ಒಬ್ಬ ಮುದುಕರು, "ಸಕ್ಕರೆ ಮಾಡೋದು ನಿಮ್ಗೆ ಬತ್ತದೆ, ಕೊಚ್ಚೆ ಎತ್ತೋದು ಬರಾಕಿಲ್ವಾ ಸಾಮಿ?" ಎಂದು ಕೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

ಈ ಕಥೆ ಕೇಳಿ ಮಗಳ ಸಿಟ್ಟು ಇಳಿಯಿತು. ಹೆಚ್ಚುವರಿ ಜಲಜನಕವನ್ನು ಗಾಳಿಗೆ ಬಿಡುವ ಗುಂಡಿ ಆ ಯಂತ್ರದಲ್ಲೇ ಇದೆಯಂತೆ. ಅವಳಿಗೆ ಅದು ಒಪ್ಪಿಗೆಯಾಗಲಿಲ್ಲ. ಅನಿಲ ಉರಿಸುವ ಒಂದು ಜನರೇಟರ್ ಕೂರಿಸಿ, ಜಲಜನಕವನ್ನು ಅದಕ್ಕೆ ಕೊಟ್ಟು, ನೀರು ಒಡೆಯಲು ಖರ್ಚಾದ ವಿದ್ಯುತ್ತಿನಲ್ಲಿ ಸ್ವಲ್ಪವನ್ನು ವಾಪಸು ಪಡೆದಳು.

ಪುಸ್ತಕಕ್ಕೂ ಆಟಕ್ಕೂ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಮರುದಿನ ಇಬ್ಬರೂ ಕೂತು ನೋಡಿದೆವು. ಹೆಸರುಗಳೆಲ್ಲ ನಿಜವಾದವೇ. ಆದರೆ ನಿಜವಾದ ಕಾರ್ಖಾನೆಯಲ್ಲಿ ಸಲ್ಫರ್ ಟ್ರೈಆಕ್ಸೈಡಿಗೆ ನೇರವಾಗಿ ನೀರು ಹಾಕುವುದಿಲ್ಲ. ಹಾಕಿದರೆ ಆಮ್ಲದ ಮಂಜೆದ್ದು ಹಿಡಿಯುವುದೇ ಕಷ್ಟ. ಮೊದಲು ಗಾಢ ಆಮ್ಲದಲ್ಲಿ ಕರಗಿಸಿ ಆಮೇಲೆ ನೀರು ಸೇರಿಸುತ್ತಾರೆ. ಇನ್ನು ಸೆಂಟ್ರಿಫ್ಯೂಜಿನದು ದೊಡ್ಡ ಸುಳ್ಳು. ಆಟದಲ್ಲಿ ಹಾಕಿದಷ್ಟೂ ಹೆಕ್ಸಾಫ್ಲೋರೈಡ್ ಇಂಧನವಾಗಿ ಹೊರಬರುತ್ತದೆ. ಪ್ರಕೃತಿಯ ಯುರೇನಿಯಮ್ಮಿನಲ್ಲಿ ಸುಲಭವಾಗಿ ಒಡೆಯುವ 235ರ ಪಾಲು ಶೇಕಡ 0.7 ಮಾತ್ರ, ಉಳಿದದ್ದು ಬಹುಪಾಲು 238. ಹೆಕ್ಸಾಫ್ಲೋರೈಡ್ ಅಣುಗಳಾಗಿ ತೂಗಿದರೆ ಒಂದು 349, ಇನ್ನೊಂದು 352. ಇಷ್ಟು ಕೂದಲೆಳೆಯ ವ್ಯತ್ಯಾಸದಲ್ಲಿ ಬೇರ್ಪಡಿಸಲು ಸಾವಿರಾರು ಸೆಂಟ್ರಿಫ್ಯೂಜುಗಳು ಸರದಿಯಲ್ಲಿ ತಿರುಗಬೇಕು. "ಫ್ಲೋರಿನ್ನೇ ಯಾಕೆ?" ಎಂದು ಮಗಳು ಕೇಳಿದಳು. ಫ್ಲೋರಿನ್ನಿಗೆ ಪ್ರಕೃತಿಯಲ್ಲಿ ಒಂದೇ ಐಸೊಟೋಪು. ತೂಕದ ವ್ಯತ್ಯಾಸವೆಲ್ಲ ಯುರೇನಿಯಮ್ಮಿನದೇ ಆಗಿರುತ್ತದೆ, ಲೆಕ್ಕ ಕೆಡುವುದಿಲ್ಲ. ಮೇಲಾಗಿ ಈ ಹೆಕ್ಸಾಫ್ಲೋರೈಡ್ ಸುಮಾರು 56 ಡಿಗ್ರಿ ಬಿಸಿಗೇ ಅನಿಲವಾಗುತ್ತದೆ.

"ಹಾಗಾದ್ರೆ ಕೈಗಾದಲ್ಲಿ ಎಷ್ಟು ಸೆಂಟ್ರಿಫ್ಯೂಜ್ ಇವೆ?" ಎಂಬುದು ಮುಂದಿನ ಪ್ರಶ್ನೆ. ಒಂದೂ ಬೇಡ. ಅಲ್ಲಿನ 220 ಮೆಗಾವಾಟಿನ ರಿಯಾಕ್ಟರುಗಳು ಭಾರಜಲ ಬಳಸುವುದರಿಂದ ಪ್ರಕೃತಿಯ ಯುರೇನಿಯಮ್ಮೇ ಸಾಕು. ಒಂದೊಂದು ರಿಯಾಕ್ಟರಿನಲ್ಲಿ 306 ಅಡ್ಡ ಕೊಳವೆಗಳು, ಪ್ರತಿ ಕೊಳವೆಯಲ್ಲೂ ಅರ್ಧ ಮೀಟರ್ ಉದ್ದದ 12 ಇಂಧನದ ಕಟ್ಟುಗಳು. ರಿಯಾಕ್ಟರ್ ಓಡುತ್ತಿರುವಾಗಲೇ ಎರಡು ತುದಿಗಳಿಗೂ ಯಂತ್ರಗಳು ಬಂದು ಕಚ್ಚಿಕೊಂಡು, ಒಂದು ಹೊಸ ಕಟ್ಟನ್ನು ನೂಕಿದರೆ ಇನ್ನೊಂದು ಹಳೆಯದನ್ನು ತೆಗೆದುಕೊಳ್ಳುತ್ತದೆ. ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿ, ಆಗ ವಿಶ್ವದಾಖಲೆ ಮಾಡಿತ್ತು. ಇಂಧನಕ್ಕಾಗಿ ನಿಲ್ಲಬೇಕಿದ್ದರೆ ಅದು ಸಾಧ್ಯವಿರಲಿಲ್ಲ.

ಅಂದಹಾಗೆ, ಆ ಹಳೆಯ ಕಟ್ಟುಗಳ ಸಂಗತಿ. ಆಟದಲ್ಲೂ ರಿಯಾಕ್ಟರಿನ ತ್ಯಾಜ್ಯವನ್ನು ಪೀಪಾಯಿಗಳಿಗೆ ತುಂಬಬೇಕು. ಜಾಗ ಸಾಲದಿದ್ದರೆ ವಿಕಿರಣ ಹೊರಗೆ ಸೋರುತ್ತದೆ. ಪೀಪಾಯಿ ಒಡೆದರೂ ಅಷ್ಟೇ. ಇದು ನನಗೆ ಮೆಚ್ಚಿಗೆಯಾಯಿತು. ಆದರೆ ಪೀಪಾಯಿಯೊಳಗಿನ ತ್ಯಾಜ್ಯ ನೋಡನೋಡುತ್ತಲೇ ಕರಗುತ್ತಾ ಹೋಗುತ್ತದೆ. ನಿಜವಾದ ಪ್ಲುಟೋನಿಯಂ 239 ಅರ್ಧಕ್ಕೆ ಇಳಿಯಲು 24 ಸಾವಿರ ವರ್ಷ ಬೇಕು. ಆಟ ಬರೆದವರಿಗೆ ಅಷ್ಟು ತಾಳ್ಮೆ ಇಲ್ಲದಿದ್ದರೆ ಆಕ್ಷೇಪಿಸುವಂತಿಲ್ಲ, ಆದರೂ ಮಗಳಿಗೆ ಇದನ್ನು ಒತ್ತಿ ಹೇಳಿದೆ.

ನನ್ನಾಕೆಗೆ ಉತ್ತರ ಕೊಡಬೇಕಿತ್ತು. ಪ್ರಶ್ನೆಪತ್ರಿಕೆ ತಿರುವಿ ನೋಡಿದ್ದೆ. ಅಂಕ ಹೋದದ್ದು ಸಾವಯವ ರಸಾಯನಶಾಸ್ತ್ರದಲ್ಲಿ ಮತ್ತು ಲೆಕ್ಕಗಳಲ್ಲಿ. ಆ ಎರಡನ್ನೂ ಈ ಆಟ ಮುಟ್ಟುವುದೇ ಇಲ್ಲ. "ಇದರಿಂದ ಅಂಕ ಬರೋದಿಲ್ಲ," ಎಂದೆ. ಮಗಳ ಮುಖ ಸಣ್ಣದಾಯಿತು. "ಆದರೆ ಓಡೋ ಯಂತ್ರ ಬಿಟ್ಟು ಎದ್ದು ಬಾ ಅಂತ ನಾನು ಯಾರಿಗೂ ಹೇಳಲಾರೆ. ಎರಡು ದಿನ ಕೊಡು, ಪಾಳಿ ಒಪ್ಪಿಸಿ ಬರಲಿ." ಮನೆಯಲ್ಲಿ ಒಪ್ಪಿಗೆ ಸಿಕ್ಕಿತು.

ನಮ್ಮಲ್ಲಿ ಮುಂದಿನ ಪಾಳಿಯವನಿಗೆ ಬರೆದು ಒಪ್ಪಿಸದೆ ಯಾರೂ ಗೇಟು ದಾಟುವಂತಿಲ್ಲ. ಬರೆಯದೆ ಉಳಿದ ಅರ್ಧ ಇಟ್ಟಿಗೆಯಷ್ಟು ದಪ್ಪದ ಲಾಗ್ ಪುಸ್ತಕವೊಂದನ್ನು ಮಗಳಿಗೆ ಕೊಟ್ಟೆ. ಆ ಎರಡು ದಿನಗಳಲ್ಲಿ ಅವಳು ಬಿಸಿ ಮಿತಿ ಮೀರಿದರೆ ಅಥವಾ ತ್ಯಾಜ್ಯ ತುಂಬಿದರೆ ರಿಯಾಕ್ಟರ್ ತಾನಾಗಿ ನಿಲ್ಲುವ ವ್ಯವಸ್ಥೆ ಮಾಡಿದಳು. ಆಮೇಲೆ ಪುಸ್ತಕದಲ್ಲಿ ಬರೆದಳು: ಒಂದು, ಜಲಜನಕದ ತೊಟ್ಟಿ ನೋಡು. ಎರಡು, ಪೀಪಾಯಿಗಳಲ್ಲಿ ಜಾಗ ಇದೆಯೇ ನೋಡು. ಮೂರು, ತಾನಾಗಿ ನಿಂತಿದ್ದರೆ ಕಾರಣ ತಿಳಿಯದೆ ಚಾಲೂ ಮಾಡಬೇಡ. ಕೆಳಗೆ ದಿನಾಂಕ, ಗಂಟೆ, ಸಹಿ. ಪುಟದ ಫೋಟೋ ತೆಗೆದು ಹಾಸನಕ್ಕೆ ಕಳಿಸಿದಳು. ಕಂಪ್ಯೂಟರ್ ಬೀರು ಸೇರಿತು, ಬೀಗದ ಕೈ ನನ್ನಾಕೆಯ ಹತ್ತಿರ.

ಎರಡನೇ ವಾರ ಹಾಸನದಿಂದ ಫೋನ್ ಬಂತು. ಇಂಧನ ನಿಂತಿದೆ. ಮಗಳು ಸಾವಯವ ರಸಾಯನಶಾಸ್ತ್ರದ ಪುಸ್ತಕವನ್ನು ಮಗುಚಿಟ್ಟು, "ಜಲಜನಕ ನೋಡಿದ್ಯಾ?" ಎಂದಳು. ನೋಡಿಯಾಗಿತ್ತಂತೆ, ತೊಟ್ಟಿ ಖಾಲಿಯಂತೆ. ಆಮ್ಲಜನಕ? ಇದೆ. ಸಲ್ಫ್ಯೂರಿಕ್ ಆಮ್ಲ? ತುಂಬಿದೆ. ಫ್ಲೋರೈಟ್ ಪೆಟ್ಟಿಗೆ? ಆ ಕಡೆ ಒಂದು ನಿಮಿಷ ಮಾತಿಲ್ಲ. ಹರಳು ಮುಗಿದುಹೋಗಿತ್ತು. ಅಗೆದು ತರುವುದಾಗಿ ಹೇಳಿ ಗೆಳತಿ ಫೋನಿಟ್ಟಳು. ಮಗಳು ಲಾಗ್ ಪುಸ್ತಕ ತೆಗೆದು ನಾಲ್ಕನೆಯ ಸಾಲು ಬರೆದಳು.