ದಸರಾ ಡೊಳ್ಳು, ಮೈಸೂರಿನ ಎಲೆ ತೋಟ, ನಮ್ಮ ಒಂದೂವರೆ ಎಕರೆ

ವಾರದಿಂದ ಪೋಸ್ಟ್ ಹಾಕಿಲ್ಲ ಅಂತ ನಾಲ್ಕೈದು ಜನ ಫೋನ್ ಮಾಡಿ ಕೇಳಿದ್ರಿ. ನಮ್ಮ ಡೊಳ್ಳಿನ ತಂಡ ಮೈಸೂರು ದಸರಾಕ್ಕೆ ಹೋಗಿತ್ತು, ಐದು ದಿನ ಅಲ್ಲೇ ಇದ್ವಿ. ಗೋವಿನಜೋಳ ಮುರಿಯೋ ಹೊತ್ತಲ್ಲಿ ಮನೆ ಬಿಟ್ಟು ಹೋಗೋದು ಸುಲಭ ಅಲ್ಲ, ತಮ್ಮ ಇದ್ದಾನೆ ಅನ್ನೋ ಧೈರ್ಯದ ಮೇಲೆ ಹೋದೆ. ಕುಣಿತದ ವಿಡಿಯೋ ನಿಮಗೆಲ್ಲ ಆಗಲೇ ವಾಟ್ಸಾಪ್‌ನಲ್ಲಿ ಬಂದಿರುತ್ತೆ. ನಾನು ಬರೀತಿರೋದು ಕುಣಿತ ಇಲ್ಲದ ಹೊತ್ತಿನ ಬಗ್ಗೆ.

ದಸರಾ ಅಂದ್ರೆ ಹೊರಗಿನವರಿಗೆ ಜಂಬೂ ಸವಾರಿ. ಆನೆ ಮೇಲೆ 750 ಕೆಜಿ ಚಿನ್ನದ ಅಂಬಾರಿ, ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿಲೋಮೀಟರ್. ಕುಣಿಯೋರಿಗೆ ಅದು ಹೆಚ್ಚಾಗಿ ಕಾಯೋ ಕೆಲಸ. ಬೆಳಗ್ಗೆಯಿಂದ ಸಾಲಲ್ಲಿ ನಿಲ್ಲಬೇಕು, ಮೋಡ ಬಂದ್ರೆ ಡೊಳ್ಳಿನ ಚರ್ಮ ಸಡಿಲ ಆಗುತ್ತೆ, ಹಗ್ಗ ಬಿಗಿದು ಬಿಗಿದು ಕೈ ನೋಯುತ್ತೆ. ಗಣ್ಯರ ಮುಂದೆ ಬಂದಾಗ ನಮಗೆ ಸಿಕ್ಕಿದ್ದು ಮೂರು ನಿಮಿಷ. ಬೀರಪ್ಪನ ಗುಡಿ ಮುಂದೆ ಬೆಳಗಿನ ತನಕ ಬಾರಿಸೋ ನಮಗೆ ಮೂರು ನಿಮಿಷದಲ್ಲಿ ಮೈ ಬಿಸಿನೂ ಆಗಲ್ಲ. ಅದಕ್ಕೆ ಮುಂಚೆ ಒಂದು ಸಂಜೆ ವೇದಿಕೆ ಮೇಲೆ ಅರ್ಧ ಗಂಟೆ. ಉಳಿದ ದಿನವೆಲ್ಲ ಖಾಲಿ.

ಹುಡುಗರು ಝೂ ನೋಡೋಕೆ, ಚಾಮುಂಡಿ ಬೆಟ್ಟಕ್ಕೆ ಅಂತ ಪಟ್ಟಿ ಮಾಡ್ಕೊಂಡು ಹೊರಟ್ರು. ನಾನು ಸುಮ್ನೆ ನಡೆದೆ. ಎಲ್ಲಿಗೆ ಅಂತ ಇಲ್ಲ. ಬೆಳಗ್ಗೆ ಎದ್ದು ಕೈಯಲ್ಲಿ ಕುಡುಗೋಲೂ ಇಲ್ದೆ ಹೊಲ ಒಂದು ಸುತ್ತು ಹಾಕಿ ಬರ್ತೀವಲ್ಲ, ಹಾಗೆ. ಕೆಲಸ ಇಟ್ಕೊಂಡು ಹೋದಾಗ ಆ ಕೆಲಸ ಮಾತ್ರ ಕಾಣುತ್ತೆ, ಸುಮ್ನೆ ಹೋದಾಗ ಉಳಿದದ್ದು ಕಾಣುತ್ತೆ. 2018ರಲ್ಲಿ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲು ಪತ್ತೆ ಆಗಿದ್ದು ನಮ್ಮ ಶಿವಮೊಗ್ಗದ ಕಡೆ ಅನ್ನೋದು ನಿಮಗೆ ಗೊತ್ತು. ಆ ವರ್ಷ ನಮ್ಮೂರಲ್ಲಿ ಸುಳಿಯೊಳಗಿನ ಹಿಕ್ಕೆ ಮೊದಲು ಕಂಡಿದ್ದು ಗೊಬ್ಬರ ಹಾಕ್ತಿದ್ದವರಿಗಲ್ಲ, ಬದುವಿನ ಮೇಲೆ ಸುಮ್ನೆ ಅಡ್ಡಾಡ್ತಿದ್ದವರಿಗೆ.

ನಡೀತಾ ನಡೀತಾ ದೇವರಾಜ ಮಾರ್ಕೆಟ್ ಸಿಕ್ತು. ಕುಂಕುಮದ ಗುಡ್ಡೆ, ಮಲ್ಲಿಗೆ ಮೊಳ, ಆಯುಧಪೂಜೆಗೆ ಬೂದುಗುಂಬಳ. ಬಾಳೆಹಣ್ಣಿನ ಸಾಲಲ್ಲಿ ನಂಜನಗೂಡು ರಸಬಾಳೆ ಕೇಳಿದೆ. ಒಬ್ಬ ವ್ಯಾಪಾರಿ ಒಂದು ಚಿಪ್ಪು ಎತ್ತಿ ತೋರಿಸಿದ. ಪಕ್ಕದ ಅಂಗಡಿಯ ಅಮ್ಮ ಬಾಯಿ ಮುಚ್ಚಿ ನಕ್ಕು, ‘ಹೆಸರು ಅದೇ ಅಣ್ಣಾ, ಹಣ್ಣು ಬೇರೆ’ ಅಂದ್ರು. ನಿಜವಾದ ರಸಬಾಳೆಗೆ ಪನಾಮ ಸೊರಗು ರೋಗ ಹತ್ತಿ ತೋಟಗಳೇ ಹೋದವು. ಆ ರೋಗದ ಶಿಲೀಂಧ್ರ ಮಣ್ಣಲ್ಲೇ ವರ್ಷಗಟ್ಟಲೆ ಕೂತಿರುತ್ತೆ. ಗಿಡ ಕಿತ್ತು ಅಲ್ಲೇ ಮತ್ತೆ ಅದೇ ಕಂದು ನೆಟ್ರೆ ಅದಕ್ಕೂ ಹತ್ತುತ್ತೆ.

ಎಲೆ ಮಾರೋರ ಹತ್ರ ಮೈಸೂರು ಚಿಗುರೆಲೆ ಎಲ್ಲಿಂದ ಬರುತ್ತೆ ಅಂತ ವಿಚಾರಿಸಿದೆ. ‘ಅಗ್ರಹಾರ ದಾಟಿ ನಂಜನಗೂಡು ರಸ್ತೆ ಕಡೆ ಹೋಗಿ, ಇನ್ನೂ ಒಂದೆರಡು ತೋಟ ಅವೆ’ ಅಂದ್ರು. ಮಹಾರಾಜರ ಕಾಲದಲ್ಲಿ ಪೂರ್ಣಯ್ಯ ಛತ್ರದಿಂದ ವಿದ್ಯಾರಣ್ಯಪುರದ ತನಕ ಸುಮಾರು 100 ಎಕರೆ ಎಲೆ ತೋಟ ಇತ್ತಂತೆ. ಈಗ ಆ ದಾರಿಯುದ್ದಕ್ಕೂ ಮನೆ, ಗ್ಯಾರೇಜು, ಕಲ್ಯಾಣ ಮಂಟಪ. ನಡೆದು ನಡೆದು ಇನ್ನೇನು ವಾಪಸ್ ಹೋಗೋಣ ಅನ್ನೋವಾಗ ಎರಡು ಮನೆಗಳ ಹಿಂದೆ ಅಗಸೆ ಮರದ ಸಾಲು ಕಾಣ್ತು. ಅದರ ಮೇಲೆ ಎಲೆಬಳ್ಳಿ. ಕಾಲಡಿ ಕಪ್ಪು ಜೇಡಿ ಮಣ್ಣು.

ಯಜಮಾನ್ರು ಎಪ್ಪತ್ತು ದಾಟಿದವರು. ಬಳ್ಳಿ ಇಳಿಸಿ ಮಣ್ಣು ಕೊಡ್ತಾ ಇದ್ರು. ‘ಯಾವೂರಪ್ಪಾ?’ ಅಂದ್ರು. ಡೊಳ್ಳಿನವರು, ಶಿಕಾರಿಪುರದ ಕಡೆಯವರು ಅಂದೆ. ಒಂದು ಎಲೆ ಕಿತ್ತು ಕೈಗಿಟ್ರು. ನಯವಾಗಿದೆ, ಅಗಿದ್ರೆ ಖಾರ. ನಮ್ಮಲ್ಲಿ ಅಡಿಕೆ ಮರಕ್ಕೆ ಹಬ್ಬಿಸೋ ಎಲೆಗೂ ಇದಕ್ಕೂ ನಾಲಿಗೆಗೆ ತಕ್ಷಣ ವ್ಯತ್ಯಾಸ ತಿಳಿಯುತ್ತೆ. ಕೇಳದಿದ್ರೂ ಅವರೇ ಹೇಳಿದ್ರು: ‘ವಾರಕ್ಕೊಬ್ರು ಬಂದು ಸೈಟ್ ಮಾಡಿ ಅಂತಾರೆ. ಎಲೆ ಕುಯ್ಯೋರು ಸಿಗಲ್ಲ. ಕುಯ್ದ್ರೂ ಎಣಿಸಿ ಕಟ್ಟೋಕೆ ಯಾರ್ಗೂ ತಾಳ್ಮೆ ಇಲ್ಲ. ನಾನಿರೋ ತನಕ ಇರುತ್ತೆ.’ ಅಷ್ಟೇ ಹೇಳಿ ಮತ್ತೆ ಬಗ್ಗಿದ್ರು. ನಾನೂ ಪಂಚೆ ಮೇಲೆ ಕಟ್ಟಿ ಒಂದು ಸಾಲು ಬಳ್ಳಿ ಹಿಡಿದುಕೊಟ್ಟೆ.

ಮೈಸೂರು ವೀಳ್ಯದೆಲೆ, ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ, ಮೂರಕ್ಕೂ ಜಿಐ ಟ್ಯಾಗ್ ಇದೆ. ಟ್ಯಾಗ್ ಹೆಸರನ್ನ ಕಾಯುತ್ತೆ. ಬೆಳೆ ಕಾಯೋಕೆ ನೆಲ ಬೇಕು, ಬಗ್ಗೋ ಬೆನ್ನು ಬೇಕು.

ಇದನ್ನೆಲ್ಲ ಯಾಕೆ ಬರೀತಿದ್ದೀನಿ ಅಂದ್ರೆ, ಕೆರೆ ಕೆಳಗಿನ ನಮ್ಮ ಒಂದೂವರೆ ಎಕರೆಗೆ ಪೂರ್ತಿ ಅಡಿಕೆ ಹಾಕೋದು ಅಂತ ಮನೇಲಿ ಮಾತಾಗಿತ್ತು. ಸಸಿಗೆ ಮುಂಗಡ ಕೊಡೋದಷ್ಟೇ ಬಾಕಿ. ನಮ್ಮ ಸುತ್ತಮುತ್ತ ಗದ್ದೆ, ಜೋಳದ ಹೊಲ ಎಲ್ಲ ಅಡಿಕೆ ಆಗ್ತಿದೆ, ನೀವೂ ನೋಡ್ತಿದ್ದೀರಿ. ಅತ್ತ ತೀರ್ಥಹಳ್ಳಿ, ಹೊಸನಗರದ ಕಡೆ ಎಲೆಚುಕ್ಕಿ ರೋಗದಿಂದ ಜನ ಹೈರಾಣಾಗಿದ್ದಾರೆ. ಅಡಿಕೆ ಬೇಡ ಅಂತ ಅಲ್ಲ, ದುಡ್ಡು ಅದರಲ್ಲೇ ಇದೆ. ಆದ್ರೆ ಸೀಮೆಗೆ ಸೀಮೆನೇ ಒಂದೇ ಬೆಳೆಗೆ ಬಿದ್ರೆ, ರೋಗ ಬಂದ ದಿನ ಬದುವಿನಿಂದ ಬದುವಿಗೆ ಅದಕ್ಕೆ ತಡೆನೇ ಇರಲ್ಲ. ತಮ್ಮನ ಜೊತೆ ಎರಡು ರಾತ್ರಿ ವಾದ ಆಯ್ತು. ಕೊನೆಗೆ ಅರ್ಧ ಎಕರೆ ಅಡಿಕೆ, ಉಳಿದ ಎಕರೆ ಭತ್ತಕ್ಕೇ ಬಿಡೋದು ಅಂತ ಒಪ್ಪಿದ್ವಿ. ಅವನ ಮುಖ ಇನ್ನೂ ಪೂರ್ತಿ ಸಡಿಲ ಆಗಿಲ್ಲ.

ಡೊಳ್ಳು, ವೀರಗಾಸೆ, ಭಜನೆ ಅಂತ ಊರೂರಿಗೆ ಹೋಗೋರು ನಮ್ಮಲ್ಲಿ ತುಂಬಾ ಜನ ಇದ್ದೀರಿ. ಮುಂದಿನ ಸಲ ಒಂದು ದಿನ ಖಾಲಿ ಸಿಕ್ರೆ ಆ ಊರಿನ ಮಾರ್ಕೆಟ್ ನೋಡಿ, ಅಲ್ಲಿಂದ ಅದೇ ಮಾಲು ಬರೋ ಹೊಲದ ತನಕ ನಡೆದು ಬನ್ನಿ. ಏನು ಕಂಡ್ರಿ ಅಂತ ಕೆಳಗೆ ಬರೀರಿ. ಹಾಗೇ, ಹಳೇ ಎಲೆಬಳ್ಳಿ ಯಾರ ತೋಟದಲ್ಲಾದ್ರೂ ಉಳಿದಿದ್ರೆ ತಿಳಿಸಿ. ಹೊಸ ಅಡಿಕೆ ಮೇಲೆ ಬರೋ ತನಕ ಬದುವಿನ ಅಗಸೆಗೆ ಹಬ್ಬಿಸೋಕೆ ಹತ್ತು ಬಳ್ಳಿ ತುಂಡು ಬೇಕು, ನಾನೇ ಬಂದು ತಗೊಂಡು ಹೋಗ್ತೀನಿ.