ಗ್ರೂಪ್ ಬಿಟ್ಟ ಮಾವ

2024ರ ಜೂನ್ 4. ಬಿಜೆಪಿಗೆ 240, ಎನ್‌ಡಿಎಗೆ 293. ಸರ್ಕಾರ ಬಂತು ಅಂತ ಗೌರಿಬಿದನೂರಲ್ಲಿ ಅಪ್ಪ ಪಟಾಕಿ ಹೊಡೆಸಿದ್ರು. ಒಂಟಿ ಬಹುಮತ ತಪ್ಪಿತಲ್ಲ ಅಂತ ಶಿಡ್ಲಘಟ್ಟದ ಸೋದರಮಾವನೂ ಹೊಡೆಸಿದ! ಜಿಲ್ಲೆ ಒಂದೇ ಆದ್ರೂ ಅಪ್ಪನ ವೋಟು ಚಿಕ್ಕಬಳ್ಳಾಪುರ ಕ್ಷೇತ್ರಕ್ಕೆ, ಮಾವನದ್ದು ಕೋಲಾರಕ್ಕೆ. ಒಬ್ಬರ ವೋಟು ಇನ್ನೊಬ್ಬರಿಗೆ ತಾಕೋದೂ ಇಲ್ಲ.

ಆದ್ರೂ ಫ್ಯಾಮಿಲಿ ಗ್ರೂಪಲ್ಲಿ ರಾತ್ರಿಯೆಲ್ಲ ಜಗಳ. 'ನಿಮ್ಮ ಹೊಸ್ತಿಲು ತುಳಿಯಲ್ಲ' ಅಂತ ಬರೆದು ಮಾವ ಗ್ರೂಪ್ ಬಿಟ್ಟ. ಬೆಂಗಳೂರಲ್ಲಿ ಕೂತ ನಾನು ಎರಡೂ ಕಡೆ ಲೈಕ್ ಒತ್ತಿದ್ದೆ. ಹೇಡಿತನ, ಮತ್ತೇನು. ಅಮ್ಮ ಮಾತ್ರ ಅತ್ತಳು. ಅವಳಿಗಿರೋದು ಒಬ್ಬನೇ ತಮ್ಮ.

ಹತ್ತು ದಿನ ಮಾತಿಲ್ಲ. ಆಮೇಲೆ ನಮ್ಮ ರೇಷ್ಮೆಗೂಡು ಬಿಡಿಸಾಯ್ತು. ಚಿಟ್ಟೆ ತೂತು ಮಾಡೋ ಮೊದಲು ಮಾರಲೇಬೇಕು. ಅಪ್ಪನೇ ಫೋನ್ ಮಾಡಿ, 'ಮಾರ್ಕೆಟ್ ಹೆಂಗೈತೆ?' ಅಂದ್ರು.

'ಬೆಳಗ್ಗೆ ಬೇಗ ಬಾ ಭಾವ.'

ಗ್ರೂಪಿಗೆ ಮಾವನನ್ನ ಇನ್ನೂ ಯಾರೂ ಸೇರಿಸಿಲ್ಲ.