ಏರಿಯನ್ನು ಕಾಯುವವರು

ಬೆಂಗಳೂರಿನಿಂದ ಸುಮಾರು ೭೦ ಕಿಲೋಮೀಟರು ದೂರದ ತುಮಕೂರನ್ನು ಸೇರಿದ ಪ್ರವಾಸಿಕನು ತಪ್ಪದೆ ನೋಡುವ ಸ್ಥಳ ಸಿದ್ಧಗಂಗೆ. ಬೆಟ್ಟದ ಬುಡದ ಆ ಮಠದಲ್ಲಿ ಸಾವಿರಾರು ಮಕ್ಕಳಿಗೆ ಅನ್ನವೂ ಅಕ್ಷರವೂ ಆಶ್ರಯವೂ ದೊರೆಯುತ್ತವೆ. ೨೦೧೯ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ವಿಸ್ತಾರಗೊಂಡ ಈ ದಾಸೋಹಕ್ಕೆ ಭಕ್ತರು ದವಸಧಾನ್ಯಗಳನ್ನು ತಂದೊಪ್ಪಿಸುವರು. ಹಸಿದವನ ಹೊಟ್ಟೆ ಊರಿನ ಹೊಣೆಯೆಂಬುದನ್ನು ಈ ಸೀಮೆಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಆದರೆ ನೊಂದ ಮನಸ್ಸು ಯಾರ ಹೊಣೆ? ಅದು ಬಹುಕಾಲ ಒಂದೊಂದು ಮನೆಯ ನಡುಕೋಣೆಯ ಗುಟ್ಟಾಗಿಯೇ ಉಳಿಯಿತು. ಗಾಳಿ ಸೋಕಿತೆಂದು ತಾಯತ ಕಟ್ಟಿಸಿದವರುಂಟು. ಮಗಳ ಮದುವೆಗೆ ಅಡ್ಡಿಯಾದೀತೆಂದು ಮಗನ ಬೇನೆಯನ್ನು ಬಚ್ಚಿಟ್ಟವರೂ ಉಂಟು. ೨೦೧೫-೧೬ರಲ್ಲಿ ೧೨ ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು, ಮನೋವ್ಯಾಧಿಯಿಂದ ಬಳಲುವ ಬಹುಪಾಲು ಜನರಿಗೆ ಚಿಕಿತ್ಸೆಯೇ ಮುಟ್ಟಿಲ್ಲವೆಂಬುದನ್ನು ತೋರಿಸಿಕೊಟ್ಟಿತು.

ತುಮಕೂರಿನಿಂದ ಪಶ್ಚಿಮಕ್ಕೆ ಇಪ್ಪತ್ತು ಕಿಲೋಮೀಟರು ಸಾಗಿದರೆ ಗುಬ್ಬಿ. ೧೮೮೪ರಲ್ಲಿ ಇಲ್ಲಿ ಹುಟ್ಟಿದ ನಾಟಕ ಸಂಘವು ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾಯಿತು. ರಂಗದ ಮೇಲೆ ರಾಜನು ಮೆರೆಯಬೇಕಾದರೆ ಪರದೆ ಎಳೆಯುವವನೂ ಬಣ್ಣ ಬಳಿಯುವವನೂ ಹಾರ್ಮೋನಿಯಂ ನುಡಿಸುವವನೂ ಬೇಕು. ಮನೋರೋಗದ ಶುಶ್ರೂಷೆಯೂ ಅಂತಹುದೇ. ವೈದ್ಯರು ಗುಳಿಗೆಯನ್ನು ಬರೆದುಕೊಡಬಲ್ಲರು. ರೋಗಿಯು ಅದನ್ನು ನುಂಗುತ್ತಿರುವನೇ ಎಂದು ಬಾಗಿಲಿಗೆ ಬಂದು ವಿಚಾರಿಸಬಲ್ಲವಳು ಊರಿನ ಆಶಾ ಕಾರ್ಯಕರ್ತೆ. ದೀರ್ಘ ಮನೋವ್ಯಾಧಿಯನ್ನೂ ಅಂಗವೈಕಲ್ಯವೆಂದು ಮನ್ನಿಸುವ ೨೦೧೬ರ ಕಾಯಿದೆಯಂತೆ ಮಾಸಾಶನದ ಅರ್ಜಿಗೆ ನೆರವಾಗಬಲ್ಲವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು. ಆಡುವ ಮಗು ಮಂಕಾದುದನ್ನು ಮೊದಲು ಗುರುತಿಸಬಲ್ಲವರು ಶಾಲೆಯ ಮೇಷ್ಟರು.

ಇದು ಬರಿಯ ಕಲ್ಪನೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೧೯೮೫ರಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿ ಆರಂಭಿಸಿದ ಪ್ರಯೋಗವೇ, ೧೯೯೬ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅದೇ ಸಂಸ್ಥೆಯು ಮುಂದೆ ತೀರ್ಥಹಳ್ಳಿಯಲ್ಲಿಯೂ, ಗುಬ್ಬಿ-ಕುಣಿಗಲುಗಳಿಗೆ ನೆರೆಯದಾದ ತುರುವೇಕೆರೆಯಲ್ಲಿಯೂ ಸ್ಕಿಜೋಫ್ರೇನಿಯಾದಿಂದ ಬಳಲುವವರನ್ನು ಹಳ್ಳಿಹಳ್ಳಿಗಳಲ್ಲಿ ಹುಡುಕಿ, ವರ್ಷಗಟ್ಟಲೆ ಬಿಡದೆ ಉಪಚರಿಸಿತು. ಔಷಧವು ತಪ್ಪದಿದ್ದಲ್ಲಿ ಅನೇಕರು ಮತ್ತೆ ದುಡಿಮೆಗೆ ಕೈಹಚ್ಚಿದರು. ಆಸ್ಪತ್ರೆಗೆ ಬರಲಾರದವರ ಬಳಿಗೆ ಆಸ್ಪತ್ರೆಯೇ ನಡೆದುಬಂದುದು ಇದರ ಹಿರಿಮೆ.

ಪಯಣದ ಕೊನೆಗೆ ಕುಣಿಗಲು: ಕುದುರೆ ಫಾರಮ್ಮಿಗೂ, ಜನಪದ ಗೀತೆಯಿಂದ ಮನೆಮಾತಾದ ಕೆರೆಗೂ ಹೆಸರುವಾಸಿಯಾದ ಊರು. ಏರಿಯ ಮೇಲೆ ನಿಂತವನಿಗೆ ಒಂದು ಸಂಗತಿ ಹೊಳೆಯದಿರದು. ಏರಿಯು ಒಮ್ಮೆಗೇ ಒಡೆಯುವುದಿಲ್ಲ. ಮೊದಲು ಎಲ್ಲೋ ಒಂದೆಡೆ ನೀರು ಜಿನುಗುವುದು. ಅದನ್ನು ಕಂಡು ಊರನ್ನು ಕರೆಯುವವನು ನೀರುಗಂಟಿ. ಮಣ್ಣು ಹೊರುವವರು ಊರಿನವರು. ಬಿರುಕು ಯಾರ ಗದ್ದೆಯ ಮೇಲಿದೆಯೆಂದು ಆಗ ಯಾರೂ ಕೇಳುವುದಿಲ್ಲ.

ಇಂದು ನೀರುಗಂಟಿಯನ್ನು ಕೂಗಲು ದೂರವಾಣಿಯೂ ಉಂಟು: ೨೦೨೨ರಲ್ಲಿ ಆರಂಭವಾದ ಟೆಲಿ-ಮಾನಸ್, ಸಂಖ್ಯೆ ೧೪೪೧೬, ಹಗಲಿರುಳೂ ಉಚಿತ. ಆದರೆ ಪಕ್ಕದ ಮನೆಯಲ್ಲಿ ಜಿನುಗುವುದನ್ನು ಮೊದಲು ಕಾಣಬೇಕಾದುದು ನೆರೆಯವರ ಕಣ್ಣು.